ಕೊನೆಯ ಅಂಕದಲ್ಲಿ ಕಥೆ ಮುಗಿಯುವುದೇ?

ಐತಿಹಾಸಿಕ ನಾಟಕವೊಂದನ್ನು ಕೇಳಿ ರೇಡಿಯೋ ಆರಿಸುವ ಹೊತ್ತಿಗೆ ಮನೆಯಲ್ಲಿ ಒಂದು ಚರ್ಚೆ ಏಳುವುದನ್ನು ನೀವೂ ಕಂಡಿರಬೇಕು. “ದುಷ್ಟ ಸತ್ತ, ಕಥೆ ಮುಗಿಯಿತು” ಎನ್ನುವವರು ಕೆಲವರು, “ಈಗ ತಾನೆ ಶುರುವಾಯಿತಲ್ಲ!” ಎನ್ನುವವರು ಕೆಲವರು. ಕಂತುಗಳ ಧಾರಾವಾಹಿ ಬಂದ ಮೇಲಂತೂ ಈ ಜಗಳ ಹೆಚ್ಚಿದೆ. ಸಂಸರ ‘ವಿಗಡ ವಿಕ್ರಮರಾಯ’ವನ್ನು ಪಾಠ ಹೇಳುವಾಗ ನನ್ನ ತರಗತಿಯಲ್ಲಿಯೂ ಇದೇ ಆಯಿತು. “ಮೇಷ್ಟ್ರೇ, ವಿಕ್ರಮರಾಯ ಸತ್ತ ಮೇಲೆ ಇನ್ನೇನಿದೆ?” ಎಂದ ಒಬ್ಬ ಹುಡುಗ.

ನಮ್ಮ ಲಾಕ್ಷಣಿಕರು ನಾಟಕಕ್ಕೆ ಐದು ಸಂಧಿಗಳನ್ನು ಹೇಳಿದ್ದಾರೆ. ಮುಖಸಂಧಿಯಲ್ಲಿ ಬೀಜ ಬಿತ್ತಬೇಕು. ನಿರ್ವಹಣ ಸಂಧಿಯಲ್ಲಿ ಅಲ್ಲಲ್ಲಿ ಚೆಲ್ಲಿದ ಎಳೆಗಳನ್ನೆಲ್ಲ ಕೂಡಿಸಿ ಫಲವನ್ನು ತೋರಿಸಬೇಕು. ಈ ಅಳತೆಯಿಂದ ನೋಡಿದರೆ ಸಂಸರು ಲೆಕ್ಕ ತೀರಿಸಿಯೇ ಪರದೆ ಇಳಿಸುತ್ತಾರೆ. ದಳವಾಯಿ ವಿಕ್ರಮರಾಯನು ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದನೆಂದು ಇತಿಹಾಸಕಾರರು ಬರೆಯುತ್ತಾರೆ. 1638ರಲ್ಲಿ ತೆರಕಣಾಂಬಿಯಿಂದ ಬಂದು ಪಟ್ಟವೇರಿದ ಕಂಠೀರವ ನರಸರಾಜನು ತನ್ನ ಕೈಗೊಂಬೆಯಾಗಿ ಇರುವನೆಂದು ದಳವಾಯಿ ಎಣಿಸಿದ್ದ. ಎಣಿಕೆ ತಪ್ಪಿತು, ಪ್ರಾಣ ಹೋಯಿತು. ‘ಕೊಂದವನಿಗೆ ಏನಾಯಿತು?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆದರೆ ಇನ್ನೊಂದು ಪ್ರಶ್ನೆ ಆ ಸಾವಿನಿಂದಲೇ ಹುಟ್ಟುತ್ತದೆ: ರಹಸ್ಯವಾಗಿ ಕೊಲ್ಲಿಸಿ ಸಿಂಹಾಸನವನ್ನು ಭದ್ರಪಡಿಸಿಕೊಂಡ ಈ ತರುಣ ಎಂಥ ಅರಸನಾದಾನು? ‘ವಿಜಯನಾರಸಿಂಹ’, ‘ಮಂತ್ರಶಕ್ತಿ’ಗಳಲ್ಲಿ ಸಂಸರು ರಣಧೀರನ ಕಾಲವನ್ನೇ ಮುಂದುವರಿಸಿದ್ದಾರೆ. ಇತಿಹಾಸವೂ ಅಲ್ಲಿ ನಿಲ್ಲಲಿಲ್ಲ. ಅವನು 1659ರವರೆಗೆ ಆಳಿದ, ತನ್ನ ಹೆಸರಿನ ಹಣವನ್ನು ಟಂಕಿಸಿದ. ನಮ್ಮ ಹಾರನಹಳ್ಳಿ ಸೀಮೆಯವರೆಲ್ಲ ಬಲ್ಲ ಪಿರಿಯಾಪಟ್ಟಣದ ಕೋಟೆ ಚಂಗಾಳ್ವರ ಕೈತಪ್ಪಿ ಮೈಸೂರಿಗೆ ಸೇರಿದ್ದು ಅವನ ಆಳ್ವಿಕೆಯಲ್ಲಿಯೇ. ಅಂತಃಪುರದ ಸಂಚಿನಲ್ಲಿ ಮೊದಲಾದ ಎಳೆ ನಮ್ಮ ಬಾಗಿಲಿಗೇ ಬಂದು ಮುಟ್ಟಿತು ನೋಡಿ! 1960ರ ‘ರಣಧೀರ ಕಂಠೀರವ’ ಚಿತ್ರದಲ್ಲಿ ರಾಜ್‌ಕುಮಾರರನ್ನು ನೋಡಿದವರಿಗೆ ಈ ಅರಸನ ಪರಿಚಯವಿದ್ದೇ ಇದೆ. ಸಂಸರ ಹಳೆಯ ನಡೆಯ ಅರಮನೆಗನ್ನಡವನ್ನು ಮಾತ್ರ ಕಿವಿಯಲ್ಲೇ ಕೇಳಬೇಕು. ಕಣ್ಣಿನಲ್ಲಿ ಓದಿದರೆ ಎಡವುತ್ತೀರಿ.

ಹಾಗಾದರೆ ಮುಂದಿನ ಕಂತಿಗೆ ಬೀಜ ಉಳಿಸಬೇಕೆಂದು ಈ ಕಂತಿನ ಫಲವನ್ನು ಬಚ್ಚಿಡಬಹುದೆ? ಕೂಡದೆಂದೇ ನನ್ನ ಮತ. ಇಂದಿನ ಧಾರಾವಾಹಿಕಾರರಲ್ಲಿ ಹಲವರು ಕೊನೆಯ ಕಂತಿನಲ್ಲಿ ಕದ ತಟ್ಟಿಸಿ, ತಟ್ಟಿದವರಾರೆಂದು ಹೇಳದೆ ಹೊರಟುಬಿಡುತ್ತಾರೆ. ಇದು ಕೇಳುಗನ ಮೇಲೆ ಸಾಲ ಹೊರಿಸಿದಂತೆ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ತಿಮ್ಮಣ್ಣನನ್ನು ಓದದವನಿಗೂ ಗದಾಪರ್ವ ಅರೆಹೊಟ್ಟೆ ಎನಿಸುವುದಿಲ್ಲ.

ಸಂಸರ ವಿಷಯದಲ್ಲಿ ಇದು ಬರಿಯ ಲಕ್ಷಣಶಾಸ್ತ್ರದ ಮಾತಲ್ಲ. ಅವರು ಇಪ್ಪತ್ತಮೂರು ನಾಟಕ ಬರೆದರೆಂದು ಹೇಳುತ್ತಾರೆ. ಉಳಿದು ಬಂದಿರುವುದು ಆರು. 1939ರಲ್ಲಿ ಅವರು ತಾವಾಗಿಯೇ ಪ್ರಾಣ ಬಿಟ್ಟರು. ಒಂದೊಂದು ನಾಟಕವೂ ಮುಂದಿನದನ್ನು ನಂಬಿ ನಿಂತಿದ್ದರೆ ಇಂದು ನಮ್ಮ ಕೈಯಲ್ಲಿ ತುಂಡುಗಳಷ್ಟೇ ಇರುತ್ತಿದ್ದುವು. ‘ವಿಗಡ ವಿಕ್ರಮರಾಯ’ವನ್ನು ಮಾತ್ರ ಕೇಳಿ ಎದ್ದವನಿಗೆ ಯಾವ ಕೊರತೆಯೂ ತೋರದು.

ಹುಡುಗನಿಗೆ ಇಷ್ಟನ್ನೂ ಹೇಳಲಿಲ್ಲ. ‘ಮಂತ್ರಶಕ್ತಿ’ಯ ನನ್ನ ಪ್ರತಿಯನ್ನು ಕೊಟ್ಟು ಕಳುಹಿಸಿದೆ. ಇನ್ನೂ ಹಿಂದಿರುಗಿಸಿಲ್ಲ.