ಕಾಳ್ಗಿಚ್ಚಿನ ತರುವಾಯ ಮಕ್ಕಳ ಮನಸ್ಸು

ವಿಪತ್ತಿನಿಂದ ಪಾರಾದ ಮಗುವಿನ ಮೈಯಲ್ಲಿ ಗಾಯವಿಲ್ಲದಿದ್ದರೆ ಮನಸ್ಸೂ ಕ್ಷೇಮವಾಗಿದೆಯೆಂದು ನಾವು ನಂಬಿಬಿಡುತ್ತೇವೆ. ೧೯೮೩ನೆಯ ಫೆಬ್ರವರಿ ೧೬ರಂದು, ಬೂದಿ ಬುಧವಾರದ ದಿನ, ದಕ್ಷಿಣ ಆಸ್ಟ್ರೇಲಿಯ ಮತ್ತು ವಿಕ್ಟೋರಿಯ ಪ್ರಾಂತಗಳಲ್ಲಿ ಹಬ್ಬಿದ ಕಾಳ್ಗಿಚ್ಚಿಗೆ ೭೫ ಮಂದಿ ಆಹುತಿಯಾದರು. ಮನೋವೈದ್ಯರಾದ ಅಲೆಕ್ಸಾಂಡರ್ ಮ್ಯಾಕ್‌ಫಾರ್ಲೇನರು ದಕ್ಷಿಣ ಆಸ್ಟ್ರೇಲಿಯದ ೮೦೮ ಶಾಲಾಮಕ್ಕಳ ಸ್ಥಿತಿಯನ್ನು ವಿಚಾರಿಸಲಾಗಿ, ೨೬ ತಿಂಗಳು ಕಳೆದರೂ ಅನೇಕರ ಭಯವು ಇಳಿದಿರಲಿಲ್ಲ. ಬೆಂಕಿಯ ನಡುವೆ ಸಿಕ್ಕಿದ್ದಕ್ಕಿಂತಲೂ, ಆ ಕೂಡಲೆ ತಂದೆತಾಯಿಗಳಿಂದ ಅಗಲಿದ್ದುದೂ, ತಾಯಿಯು ಬಹುಕಾಲ ಅದೇ ಚಿಂತೆಯಲ್ಲಿ ಮುಳುಗಿದ್ದುದೂ ಮಕ್ಕಳನ್ನು ಹೆಚ್ಚಾಗಿ ಬಾಧಿಸಿದ್ದವು. ಆದುದರಿಂದ ಅಂಥ ಕಷ್ಟಕಾಲದಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮಕ್ಕಳನ್ನು ದೂರ ಕಳುಹಿಸದೆ ಬಳಿಯಲ್ಲಿಯೇ ಇರಿಸಿಕೊಳ್ಳೋಣ. ನೊಂದ ತಾಯಿಗೆ ನೆರೆಹೊರೆಯವರಾದ ನಾವು ಆಸರೆಯಾಗೋಣ. ಆಕೆಯ ನೆಮ್ಮದಿಯಲ್ಲಿ ಮಗುವಿನ ನೆಮ್ಮದಿಯೂ ಅಡಗಿರುವುದು.