ಹೊಸನೀರಿನ ಪುಲಸ

ಆಷಾಢ ಕಳೆಯುವ ಹೊತ್ತಿಗೆ ಗೋದಾವರಿಯ ಬಣ್ಣ ತಿರುಗುತ್ತದೆ. ಬೇಸಿಗೆಯಿಡೀ ಮರಳುದಿಬ್ಬಗಳ ನಡುವೆ ಸೊರಗಿ ಹರಿದ ನದಿ, ಮೇಲುಸೀಮೆಯಲ್ಲಿ ಮಳೆ ಹಿಡಿದದ್ದೇ ತಡ, ದಡದಿಂದ ದಡಕ್ಕೆ ತುಂಬಿಕೊಂಡು ಕೆಮ್ಮಣ್ಣು ಕದಡಿದ ನೀರಾಗಿ ಇಳಿದು ಬರುತ್ತದೆ. ತ್ರ್ಯಂಬಕೇಶ್ವರದ ಬೆಟ್ಟದಿಂದ ಹೊರಟ ನೀರು, ನಮ್ಮ ಬೀದರಿನ ಹೊಲಗಳ ಅಂಚು ಸವರಿಕೊಂಡು ಹೋದ ಮಾಂಜ್ರಾ ನದಿಯ ಪಾಲು, ಬಸ್ತರಿನ ಕಾಡು ಸುತ್ತಿ ಬಂದ ಇಂದ್ರಾವತಿ, ಕೊನೆಗೆ ಕೂಡಿಕೊಳ್ಳುವ ಶಬರಿ ಎಲ್ಲವೂ ಅದರಲ್ಲಿವೆ. ‘ಎರ್ರನೀರು ವಚ್ಚಿಂದಿ’ ಎಂಬ ಸುದ್ದಿ ನದಿಯ ಕವಲುಗಳ ನಡುವಿನ ಕೋನಸೀಮೆಯಲ್ಲಿ, ಅಲ್ಲಿನವರು ಲಂಕೆ ಎನ್ನುವ ನದಿದ್ವೀಪಗಳಲ್ಲಿ ಹರಡುತ್ತದೆ. ಕೆಂಪುನೀರು ಬಂತು ಎಂದರೆ ಪುಲಸ ಮೀನು ಬಂತು ಎಂದೇ ಅಲ್ಲಿ ಅರ್ಥ. ಅಟ್ಟದ ಮೇಲಿದ್ದ ಬಲೆಗಳು ಅಂಗಳಕ್ಕೆ ಇಳಿಯುತ್ತವೆ, ಹರಿದ ಕಣ್ಣುಗಳಿಗೆ ಹೊಸ ದಾರ ಬೀಳುತ್ತದೆ, ರಾವುಲಪಾಲೆಂನಿಂದ ಯಾನಂವರೆಗೆ ಫೋನುಗಳು ಬಿಡುವಿಲ್ಲದೆ ರಿಂಗಾಗುತ್ತವೆ.

ಈ ಮೀನು ಹುಟ್ಟುವುದು ನದಿಯ ಸಿಹಿನೀರಿನಲ್ಲಿ, ಬೆಳೆಯುವುದು ಬಂಗಾಳ ಕೊಲ್ಲಿಯ ಉಪ್ಪುನೀರಿನಲ್ಲಿ. ಮೊಟ್ಟೆಯಿಡುವ ಕಾಲ ಬಂದಾಗ ಅಳಿವೆಗೆ ಇಳಿದು ಬರುವ ಹೊಸನೀರಿನ ಸುಳಿವು ಹಿಡಿದು ಪ್ರವಾಹಕ್ಕೆ ಎದುರಾಗಿ ಏರುತ್ತದೆ. ಬಂಗಾಳಿಗಳ ಇಲಿಶ್, ಒಡಿಶಾದವರ ಇಲಿಶಿ ಇದೇ. ಅಮೆರಿಕದ ಡೆಲವೇರ್, ಕನೆಕ್ಟಿಕಟ್ ನದಿಗಳನ್ನು ವಸಂತದಲ್ಲಿ ಏರುವ ಶ್ಯಾಡ್ ಮೀನು ಇದರ ಹತ್ತಿರದ ನೆಂಟ. ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ನಮ್ಮ ಬೆಳೆ, ಮಣ್ಣು, ಜಾತಿ, ಕಸುಬುಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕನ್ನಡದ ಓದುಗರಿಗೆ ಗೊತ್ತಿರುವ ಹೆಸರು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಅದೇ ಮನುಷ್ಯ 1822ರಲ್ಲಿ ಗಂಗೆಯ ಮೀನುಗಳನ್ನು ಕುರಿತ ಪುಸ್ತಕದಲ್ಲಿ ಈ ಮೀನನ್ನು ವಿವರಿಸಿ, ಶಾಸ್ತ್ರದ ಹೆಸರಿಗೂ ಇಲಿಶ ಎಂಬ ಊರ ಮಾತನ್ನೇ ಉಳಿಸಿದ.

ಹೊಸನೀರಿಗೆ ಎದುರೇರುವ ಮೀನಿನ ರೀತಿ ಮಲೆನಾಡಿನವರಿಗೆ ಹೊಸದೇನಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ತೂಬಿಗೆ ಏರುವ ಹತ್ತುಮೀನನ್ನು ರಾತ್ರಿ ಬೆಳಕು ಹಿಡಿದು, ಕತ್ತಿ ಕೂಣಿ ಹೊತ್ತು ಬೇಟೆಯಾಡಿದವರು ಅಲ್ಲಿ ಮನೆಗೊಬ್ಬರಿದ್ದಾರೆ. ಆ ಮೀನು ಏರುವುದು ಅಲ್ಪ ದೂರ. ಪುಲಸ ಸಮುದ್ರದಿಂದ ಬರುತ್ತದೆ, ಏರುವ ದಾರಿಯುದ್ದಕ್ಕೂ ಮೇವನ್ನು ಬಹುಮಟ್ಟಿಗೆ ಬಿಟ್ಟಿರುತ್ತದೆ. ಕಡಲಿನಲ್ಲಿ ಮೈಗೆ ಕೂಡಿಸಿಟ್ಟ ಕೊಬ್ಬನ್ನೇ ಕರಗಿಸುತ್ತ ಈಜುತ್ತದೆ. ಆ ಕೊಬ್ಬು ಮಾಂಸದೊಳಕ್ಕೆ ಹರಡಿ, ಉಪ್ಪಿನ ಒಗರು ಕಳೆದು, ಸಿಹಿನೀರು ಕುಡಿದಷ್ಟೂ ರುಚಿ ಏರುತ್ತದೆಂಬುದು ಗೋದಾವರಿಯವರ ಅನುಭವದ ಮಾತು. ಕಡಲಲ್ಲಿ ಸಿಕ್ಕರೆ ಅವರು ಅದನ್ನು ವಿಲಸ ಎಂದು ಕರೆದು ಅಗ್ಗಕ್ಕೆ ಮಾರುತ್ತಾರೆ. ನದಿಯಲ್ಲಿ ಸಿಕ್ಕರಷ್ಟೇ ಪುಲಸ, ಅದಕ್ಕೆ ಬಂಗಾರದ ಬೆಲೆ.

ಯಾನಂ ಹತ್ತಿರ ಗೋದಾವರಿಯ ಗೌತಮಿ ಕವಲು ಒಂದು ಸಣ್ಣ ಕಡಲಿನಷ್ಟೇ ಅಗಲ. ಎದುರ್ಲಂಕದ ಸೇತುವೆಯ ಮೇಲೆ ಲಾರಿಗಳ ದೀಪ ಸಾಲುಗಟ್ಟಿರುವಾಗಲೇ, ಬೆಳಕು ಹರಿಯುವ ಮೊದಲು, ದೋಣಿಗಳು ಹೊರಡುತ್ತವೆ. ನನ್ನನ್ನು ಹತ್ತಿಸಿಕೊಂಡ ದೋಣಿಯಲ್ಲಿ ಇಬ್ಬರೇ ಇದ್ದರು. ಅರವತ್ತು ದಾಟಿದ ಹಿರಿಯ ಬಲೆಯ ಬಳಿ, ಅವರ ಮಗ ಹುಟ್ಟಿನ ಬಳಿ. ಹೊರಡುವ ಮುನ್ನ ಮಗ ಫೋನಿನಲ್ಲಿ ಮೇಲಿನ ಧವಳೇಶ್ವರದ ಬ್ಯಾರೇಜಿನ ನೀರಿನ ಮಟ್ಟ ನೋಡಿದ. ಅಲ್ಲಿ 11.75 ಅಡಿಗೆ ಮೊದಲ ಎಚ್ಚರಿಕೆ, 13.75ಕ್ಕೆ ಎರಡನೆಯದು, 17.75ಕ್ಕೆ ಮೂರನೆಯದು. ನದಿಗಿಳಿಯಬೇಕೋ ಬೇಡವೋ ಎಂಬುದನ್ನು ಈ ದಡದ ಮನೆಗಳು ತೀರ್ಮಾನಿಸುವುದು ಈ ಅಂಕಿ ನೋಡಿಕೊಂಡೇ. ‘ನಿನ್ನೆಗಿಂತ ಇಳಿದಿದೆ ನಾನ್ನಾ’ ಎಂದ. ತಂದೆ ಫೋನಿನತ್ತ ನೋಡಲಿಲ್ಲ. ಕೈ ಅದ್ದಿ ನೀರನ್ನು ಬೊಗಸೆಯಲ್ಲೆತ್ತಿ ಬೆರಳ ಸಂದಿಯಲ್ಲಿ ಇಳಿಬಿಟ್ಟರು. ಅಂಗೈ ಮೇಲೆ ನುಣ್ಣನೆಯ ಕೆಂಪು ಗಸಿ ಉಳಿಯಿತು. ‘ಹೋಗೋಣ’ ಅಂದರು.

ಪುಲಸ ಗಾಳ ಹಾಕಿ ಕೂತರೆ ಸಿಗುವ ಮೀನಲ್ಲ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಾಣುಗಳನ್ನು ಕಿವಿರಿನಲ್ಲಿ ಸೋಸಿ ತಿನ್ನುವ ಜಾತಿಯದು, ಎರೆಹುಳಕ್ಕೆ ಬಾಯಿ ಹಾಕುವುದಿಲ್ಲ. ಹಾಗಾಗಿ ಹೊಳೆಗೆ ಅಡ್ಡಲಾಗಿ ಉದ್ದನೆಯ ಬಲೆಯನ್ನು ಇಳಿಬಿಟ್ಟು ದೋಣಿಯನ್ನೂ ಬಲೆಯನ್ನೂ ಪ್ರವಾಹದ ಜೊತೆ ತೇಲಲು ಬಿಡುತ್ತಾರೆ. ಮೇಲಂಚಿಗೆ ಬೆಂಡುಗಳು, ಕೆಳಗಂಚಿಗೆ ಭಾರ, ನಡುವೆ ನೀರಿನಲ್ಲಿ ನಿಂತ ಕಾಣದ ಗೋಡೆ. ಎದುರಿಂದ ಏರಿ ಬರುವ ಮೀನು ಕಣ್ಣಿನೊಳಗೆ ತಲೆ ತೂರಿಸುತ್ತದೆ. ಹೊಟ್ಟೆ ದಪ್ಪ, ಮುಂದೆ ಹೋಗಲಾಗುವುದಿಲ್ಲ. ಹಿಂದೆ ಸರಿದರೆ ಕಿವಿರಿನ ಮುಚ್ಚಳಕ್ಕೆ ದಾರ ಸಿಕ್ಕಿಕೊಳ್ಳುತ್ತದೆ. ಕೆಂಪುನೀರು ಬಲೆಯನ್ನು ಅದರ ಕಣ್ಣಿನಿಂದ ಮರೆಮಾಡುವುದರಿಂದಲೂ ಈ ಕಾಲವೇ ಬೇಟೆಗೆ ಒದಗಿ ಬರುತ್ತದೆ. ಸಾಲು ಬೆಂಡುಗಳಲ್ಲಿ ಒಂದು ಮಾತ್ರ ಗಕ್ಕನೆ ಮುಳುಗಿ ಎದ್ದಾಗ ಹಿರಿಯರು ಏನೂ ಹೇಳಲಿಲ್ಲ, ಮಗನ ಕಡೆ ಗದ್ದ ಎತ್ತಿದರು. ಬಲೆ ಎಳೆಯುತ್ತ ಹೋದಂತೆ ಮೊದಲು ಬಂದದ್ದು ಕೊಚ್ಚಿ ಬಂದ ಬಿದಿರುಬೇರು, ಒಂದು ರಬ್ಬರ್ ಚಪ್ಪಲಿ, ಅಂತರಗಂಗೆಯ ಗಿಡ. ಆಮೇಲೆ ಮೀನು.

ತೋಳುದ್ದವಿರದಿದ್ದರೂ ಮೊಣಕೈಯುದ್ದ ಇತ್ತು. ಬೆನ್ನಿನ ಮೇಲೆ ಹಸಿರು ಛಾಯೆಯ ನೀಲಿ, ಪಕ್ಕೆಯಲ್ಲಿ ಬೆಳ್ಳಿ, ಆ ಬೆಳ್ಳಿಯ ಮೇಲೆ ಓರೆಯಾಗಿ ಬೆಳಕು ಬಿದ್ದರೆ ಹೊನ್ನಿನ, ತೆಳುಗೆಂಪಿನ ಒಂದು ಮಿನುಗು. ಹೊಟ್ಟೆಯ ಅಂಚಿನುದ್ದಕ್ಕೂ ಗರಗಸದ ಹಲ್ಲಿನಂತೆ ಗಟ್ಟಿ ಹುರುಪೆಗಳು, ಬೆರಳಾಡಿಸಿದರೆ ಚುಚ್ಚುತ್ತವೆ. ದೋಣಿಯ ಹಲಗೆಯ ಮೇಲೆ ಎರಡು ಸಲ ಬಾಲ ಬಡಿಯಿತು, ಅಷ್ಟೇ. ನೀರು ಬಿಟ್ಟ ಮೇಲೆ ಈ ಮೀನಿಗೆ ಆಯುಸ್ಸಿಲ್ಲ. ಮುರುಗೋಡು, ಕೊರವದಂತೆ ಬುಟ್ಟಿಯಲ್ಲಿ ಜೀವ ಹಿಡಿದು ಸಂತೆಗೆ ಬರುವ ಜಾತಿಯಲ್ಲ ಇದು. ಹಿರಿಯರು ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟರು. ಬೆಳಗಿನವರೆಗೆ ತೇಲಿದ್ದಕ್ಕೆ ಸಿಕ್ಕಿದ್ದು ಅದೊಂದೇ. ಬರಿಗೈಯಲ್ಲಿ ಮರಳಿದ ದೋಣಿಗಳೇ ಹೆಚ್ಚಿದ್ದವು.

ದಡದಲ್ಲಿ ಹರಾಜು ಹೆಂಗಸರದು. ಮೀನು ಹಿಡಿಯುವುದು ಗಂಡಸರಾದರೂ ಬೆಲೆ ಕಟ್ಟುವ, ಕೂಗುವ, ದುಡ್ಡು ಎಣಿಸುವ ಕೆಲಸಕ್ಕೆ ಅವರು ಬಾಯಿ ಹಾಕುವುದಿಲ್ಲ. ಮೀನುಗಾರ್ತಿ ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಾಳೆ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ಮೊಟ್ಟೆಯಿದೆ ಎಂದು ಸಾರುತ್ತಾಳೆ, ಕೂಗು ಸಾವಿರ ಸಾವಿರವಾಗಿ ಏರುತ್ತದೆ. ಎರಡು ಕಿಲೋ ತೂಗುವ ಒಂದು ಮೀನು 10,000 ರೂಪಾಯಿ ದಾಟುವುದು ಈಗ ಸುದ್ದಿಯೇ ಅಲ್ಲ, 20,000 ಮುಟ್ಟಿದಾಗ ಪತ್ರಿಕೆಯಲ್ಲಿ ಬರುತ್ತದೆ. ‘ಪುಸ್ತೆಲಮ್ಮಿ ಅಯಿನಾ ಪುಲಸ ತಿನಾಲಿ’ ಎಂಬ ಗಾದೆ ಅಲ್ಲಿದೆ; ತಾಳಿ ಮಾರಿಯಾದರೂ ಪುಲಸ ತಿನ್ನಬೇಕಂತೆ. ಹೊಸ ಅಳಿಯನಿಗೆ, ಮಗಳ ಬೀಗರಿಗೆ, ಕೆಲಸವಾಗಬೇಕಾದ ದೊಡ್ಡವರಿಗೆ ಕ್ಯಾರಿಯರುಗಳಲ್ಲಿ ಪುಲಸದ ಹುಳಿಸಾರು, ಅವರ ಮಾತಿನಲ್ಲಿ ಪುಲುಸು, ತುಂಬಿ ಹೈದರಾಬಾದು, ಬೆಂಗಳೂರುಗಳಿಗೆ ಕಳಿಸುತ್ತಾರೆ. ಇಷ್ಟು ಬೆಲೆಯಿರುವಲ್ಲಿ ಮೋಸವೂ ಇರುತ್ತದೆ. ಐಸಿನ ಪೆಟ್ಟಿಗೆಯಲ್ಲಿ ಬಂದ ಕಡಲಿನ ವಿಲಸವನ್ನು, ಒಡಿಶಾ, ಬಂಗಾಳಗಳ ಮೀನನ್ನು ಪುಲಸವೆಂದು ಹೆದ್ದಾರಿಯ ಬದಿಯಲ್ಲಿ ಮಾರುವವರಿದ್ದಾರೆ. ನೋಟಕ್ಕೆ ಎರಡೂ ಒಂದೇ ಜಾತಿಯವಾದ್ದರಿಂದ ಹೊರಗಿನವರಿಗೆ ಗೊತ್ತಾಗುವುದು ತಿಂದ ಮೇಲೆ.

ಅಡುಗೆಯ ವಿಷಯಕ್ಕೆ ಬಂದರೆ ಕೋನಸೀಮೆಯ ಹೆಂಗಸರಿಗೆ ಆತುರವೆಂಬುದಿಲ್ಲ. ನಾನು ಕೂತು ನೋಡಿದ್ದು ದೋಣಿಯ ಹಿರಿಯರ ಸೊಸೆಯ ಅಡುಗೆ. ಆ ದಿನದ ಮೀನು ಹರಾಜಿಗೆ ಹೋಗದೆ ನೆಂಟರಿಗಾಗಿ ಮನೆಗೇ ಬಂದಿತ್ತು. ಆಕೆ ಮೊದಲು ಇಡೀ ಮೀನನ್ನೇ ತೊಳೆದು, ಹುರುಪೆ ಕೆರೆದು, ಮತ್ತೆ ತೊಳೆದಳು. ‘ಕೊಯ್ದ ಮೇಲೆ ಜಾಸ್ತಿ ನೀರು ತೋರಿಸಬಾರದು ಅಣ್ಣಯ್ಯ, ಎಣ್ಣೆಯೆಲ್ಲ ಹೋಗಿಬಿಡುತ್ತೆ’ ಎಂದಳು. ಈಳಿಗೆಮಣೆಯ ಮೇಲೆ ಕೂತು ಎರಡು ಬೆರಳ ದಪ್ಪಕ್ಕೆ ಅಡ್ಡಡ್ಡ ತುಂಡು ಮಾಡಿದಳು. ಮೊಟ್ಟೆಯ ಎರಡು ಎಸಳುಗಳನ್ನು ಪೊರೆ ಹರಿಯದಂತೆ ಬಿಡಿಸಿ ಬೇರೆ ಬಟ್ಟಲಿಗೆ ಇಟ್ಟಳು. ತುಂಡುಗಳಿಗೆ ಅರಿಸಿನ, ಕಲ್ಲುಪ್ಪು, ಖಾರದ ಪುಡಿ ಸವರಿ ಮುಚ್ಚಿದಳು.

ಒಲೆ ಹೊರಗೆ ತೆಂಗಿನ ಮರದ ಬುಡದಲ್ಲಿತ್ತು. ಉರಿಗೆ ಒಣ ಗರಿ, ಕೆಂಡ ಕಾಯುವುದಕ್ಕೆ ಬೆರಣಿ. ಅಗಲ ಬಾಯಿಯ ಮಣ್ಣಿನ ಮಡಕೆ ಕಾದ ಮೇಲೆ ಎಳ್ಳೆಣ್ಣೆ ಬಿಟ್ಟು, ರುಬ್ಬಿದ ಈರುಳ್ಳಿಯನ್ನು ಹಾಕಿ, ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿದಳು. ಶುಂಠಿ ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಕರಿಬೇವು, ಗುಂಟೂರಿನ ಖಾರದ ಪುಡಿ, ಧನಿಯ ಜೀರಿಗೆಯ ಪುಡಿ ಒಂದೊಂದಾಗಿ ಬಿದ್ದವು. ಗಟ್ಟಿಯಾಗಿ ಕಿವುಚಿದ ಹುಣಸೆರಸ ಹೊಯ್ದಾಗ ಅಂಗಳವಿಡೀ ಘಾಟು. ಅದು ಕುದಿ ಬಂದ ಮೇಲೆ ಮೀನಿನ ತುಂಡುಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು ಬೀಳದಂತೆ ಇಳಿದವು. ನಡುನಡುವೆ ತುದಿ ಕತ್ತರಿಸಿದ ಇಡಿ ಬೆಂಡೆಕಾಯಿ. ಎಲ್ಲದರ ಮೇಲೆ ಮೊಟ್ಟೆಯ ಎಸಳು. ಅಲ್ಲಿಂದ ಮುಂದೆ ಸೌಟು ಮಡಕೆಯ ಒಳಗೆ ಹೋಗಲಿಲ್ಲ. ಆಗಾಗ ಬಟ್ಟೆ ಹಿಡಿದು ಮಡಕೆಯ ಕಂಠವನ್ನು ಎರಡು ಕೈಯಲ್ಲೂ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುವುತ್ತಿದ್ದಳು, ಸಾರು ತಾನೇ ತುಂಡುಗಳ ಮೇಲೆ ಹರಿದು ಇಳಿಯುತ್ತಿತ್ತು. ಗರಿಯ ಉರಿ ಆರಿಸಿ, ಬೆರಣಿಯ ಕೆಂಡದ ಮೇಲೆ ಮಡಕೆಯನ್ನು ಹೊತ್ತು ಮುಳುಗುವವರೆಗೆ ಬಿಟ್ಟಳು. ಇಳಿಸುವ ಮುನ್ನ ಒಂದು ನಿಂಬೆಗಾತ್ರದ ಬೆಣ್ಣೆ, ಜಾಡಿಯಿಂದ ಬಗ್ಗಿಸಿದ ಆವಕಾಯಿಯ ಕೆಂಪೆಣ್ಣೆ.

ಅಂದು ರಾತ್ರಿ ಆ ಮಡಕೆಯನ್ನು ಯಾರೂ ಮುಟ್ಟಲಿಲ್ಲ. ನಿನ್ನೆಯ ಮೀನುಸಾರಿಗೆ ನೀರುದೋಸೆ ಅದ್ದಿ ತಿಂದು ಬೆಳೆದ ನಮ್ಮ ಕರಾವಳಿಯವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ರಾತ್ರಿಯಿಡೀ ಹುಳಿ, ಖಾರ, ಮೀನೆಣ್ಣೆ ಒಂದರೊಳಗೊಂದು ಇಳಿಯುತ್ತವೆ. ಪುಲಸದ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ಇದರ ಮಾಂಸದ ತುಂಬ ಕವಲೊಡೆದ ಕೂದಲಿನಷ್ಟು ಸಪೂರ ಮುಳ್ಳುಗಳು. ಹುಣಸೆಯ ಹುಳಿಯಲ್ಲಿ ತಾಸುಗಟ್ಟಲೆ ಬೆಂದು, ರಾತ್ರಿಯೆಲ್ಲ ನೆನೆದ ಮೇಲೆ ಅವು ತಕ್ಕಮಟ್ಟಿಗೆ ಮೆತ್ತಗಾಗುತ್ತವೆ. ಬೆಳಿಗ್ಗೆ ಬಿಸಿ ಅನ್ನದ ಮೇಲೆ ಪುಲುಸು ಬಡಿಸಿದಾಗ ಮೇಲೆ ಕೆಂಪೆಣ್ಣೆ ತೇಲುತ್ತಿತ್ತು. ಮಾಂಸ ಬೆರಳು ತಾಗಿದರೆ ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ, ಹುಳಿಯ ಹಿಂದೆ ಬೆಣ್ಣೆಯಂಥ ಒಂದು ಸಿಹಿ ಇದೆ, ಮೊಟ್ಟೆ ನಾಲಗೆಯ ಮೇಲೆ ರವೆಯಾಗಿ ಒಡೆಯುತ್ತದೆ. ಮಾತಾಡುತ್ತ ತಿನ್ನಲಾಗುವುದಿಲ್ಲ. ನಾಲಗೆ ಒಂದೊಂದು ತುತ್ತಿನಲ್ಲೂ ಮುಳ್ಳು ಹುಡುಕಿ ತುಟಿಯಂಚಿಗೆ ತಳ್ಳಬೇಕು. ನಾನು ತಿಂದ ಹೊಳೆಮೀನುಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಸಮುದ್ರದ ವಿಲಸವನ್ನು ಇದೇ ಮಡಕೆಯಲ್ಲಿ ಇದೇ ಕೈ ಅಟ್ಟರೂ ಈ ರುಚಿ ಬಾರದು, ಏಕೆಂದರೆ ರುಚಿಯ ಅರ್ಧ ಪಾಲು ಆ ಮೀನು ಈಜಿ ಬಂದ ದಾರಿಯದು.

ಆ ದಾರಿಯೇ ಈಗ ಕಿರಿದಾಗಿದೆ. ಧವಳೇಶ್ವರದಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಅಣೆಕಟ್ಟು 1852ರಲ್ಲಿ ಮುಗಿಯಿತು. ಗೋದಾವರಿ ಮುಖಜಭೂಮಿಗೆ ಅನ್ನ ಕೊಟ್ಟವನೆಂದು ಅವನ ಪ್ರತಿಮೆಗಳಿಗೆ ಜನ ಇಂದಿಗೂ ಹಾರ ಹಾಕುತ್ತಾರೆ, ಅದು ನ್ಯಾಯವೇ. ಅದರ ಜಾಗದಲ್ಲಿ ಈಗ ನಿಂತಿರುವುದು 175 ಗೇಟುಗಳ ಬ್ಯಾರೇಜು. ಏರಿ ಬಂದ ಮೀನು ಅದರ ಕೆಳಗೆ ಬಂದು ನಿಂತುಬಿಡುತ್ತದೆ. ಗೇಟುಗಳನ್ನೆಲ್ಲ ಎತ್ತಿದ ಮಹಾಪೂರದ ದಿನಗಳಲ್ಲಷ್ಟೇ ಮುಂದಿನ ದಾರಿಯ ಆಸೆ. ಕೆಳಗೂ ಕಷ್ಟ ತಪ್ಪಿಲ್ಲ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಕಡಲ ಮೀನುಗಾರಿಕೆ ನಿಷೇಧವಿದೆ. ಪುಲಸ ಅಳಿವೆಯ ಕಡೆ ಮುಖ ಮಾಡುವುದು ಆ ನಿಷೇಧ ತೆರವಾದ ಮೇಲೆ. ನದಿ ಸೇರುವ ಮುನ್ನವೇ ಬಲೆಗೆ ಬೀಳುವುದು ಬೀಳುತ್ತದೆ, ದಾಟಿ ಬಂದದ್ದಕ್ಕೆ ಒಳಗೆ ಬಲೆಗಳು ಕಾದಿರುತ್ತವೆ. ಮೊಟ್ಟೆಯಿರುವ ಮೀನಿಗೇ ಹೆಚ್ಚು ಬೆಲೆ ಎಂಬ ಪೇಟೆಯ ಲೆಕ್ಕ ಇದಕ್ಕೆಲ್ಲ ಕಲಶ. ಒಂದು ಹೆಣ್ಣುಮೀನು ಬಲೆಗೆ ಬಿದ್ದರೆ ಅದರ ಹೊಟ್ಟೆಯ ಲಕ್ಷಗಟ್ಟಲೆ ಮೊಟ್ಟೆಗಳೂ ಹೋದಂತೆಯೇ.

ಇದೇ ಮೀನು ಒಂದು ಕಾಲಕ್ಕೆ ಕಾವೇರಿಯ ಕೆಳಹರಿವಿಗೂ, ಕೊಳ್ಳಿಡಂ ನದಿಗೂ ಏರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದು ಮಳೆಗಾಲದ ಕೆಂಪುನೀರು ಅಲ್ಲೇ ನಿಲ್ಲತೊಡಗಿದ ಮೇಲೆ ಅಲ್ಲಿನ ಬೇಟೆ ನಶಿಸಿತು. ಕೊಡಗಿನಲ್ಲಿ ಹುಟ್ಟುವ ನಮ್ಮ ಹೊಳೆಯ ಇನ್ನೊಂದು ತುದಿಗೆ ಕಡಲಿನಿಂದ ಇಂಥದ್ದೊಂದು ಮೀನು ಬರುತ್ತಿತ್ತು ಎಂಬುದೇ ಇಂದು ನೆನಪಿನಲ್ಲಿಲ್ಲ. ಬಾಂಗ್ಲಾದೇಶ ಮಾತ್ರ ಬೇರೆ ದಾರಿ ಹಿಡಿಯಿತು. ಅಕ್ಟೋಬರಿನಲ್ಲಿ ಮೊಟ್ಟೆಯಿಡುವ ಹುಣ್ಣಿಮೆಯ ಆಸುಪಾಸಿಗೆ 22 ದಿನ ಇಲಿಶ್ ಹಿಡಿಯುವಂತಿಲ್ಲ, 25 ಸೆಂಟಿಮೀಟರಿಗಿಂತ ಚಿಕ್ಕ ಮರಿಗಳನ್ನು ನವೆಂಬರಿನಿಂದ ಜೂನ್‌ವರೆಗೆ ಮುಟ್ಟುವಂತಿಲ್ಲ, ಬಲೆ ಬಿಚ್ಚದ ಆ ದಿನಗಳಿಗೆ ಬೆಸ್ತರ ಮನೆಗಳಿಗೆ ಸರ್ಕಾರ ಅಕ್ಕಿ ಕೊಡುತ್ತದೆ. 2002-03ರಲ್ಲಿ 2 ಲಕ್ಷ ಟನ್ನಿನ ಆಸುಪಾಸಿಗೆ ಕುಸಿದಿದ್ದ ಅಲ್ಲಿನ ಇಲಿಶ್, 2017-18ರ ಹೊತ್ತಿಗೆ 5 ಲಕ್ಷ ಟನ್ ದಾಟಿತು. ಹಸಿವಿಗೆ ಅಕ್ಕಿ ಕೊಟ್ಟು ಬಲೆ ನಿಲ್ಲಿಸಿದ ಈ ಕ್ರಮವೇ ಗೋದಾವರಿಗೂ ಬೇಕು. ದಡದ ಬಡವನಿಗೆ ಬರಿಯ ನಿಷೇಧ ಹೇರಿದರೆ ಅದು ನಡೆಯುವುದಿಲ್ಲ.

ಆಗಸ್ಟ್ ತಿಂಗಳಲ್ಲಿ ರಾಜಮಂಡ್ರಿ, ಯಾನಂ ಕಡೆ ಹೋಗುವವರು ಪುಲಸ ತಿನ್ನದೆ ಬರಬೇಡಿ. ಹೆದ್ದಾರಿಯ ಬದಿಯಲ್ಲಿ ಕೊಳ್ಳುವುದಕ್ಕಿಂತ ಗೊತ್ತಿದ್ದವರ ಮೂಲಕ ದೋಣಿಯವರನ್ನೇ ಕೇಳಿ. ಮೊಟ್ಟೆಯಿರುವುದೇ ಬೇಕೆಂದು ಹಟ ಹಿಡಿಯಬೇಡಿ, ಗೇಣುದ್ದದ ಮರಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.