ಆಟದ ಹೊತ್ತಿಗೆ ಪಟ್ಟಾ ಬೇಡ

ಶ್ರಾವಣದ ಒಂದು ಸಂಜೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತು, ಧಾರವಾಡದ ಕೆಮ್ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಸಪ್ತಾಪುರದ ನಮ್ಮ ಮನೆಯ ಹಿತ್ತಲಿನಲ್ಲಿ ರಾಜಾ ಮತ್ತು ಪಕ್ಕದ ಮನೆಯ ಬ್ರೂನೋ ದಿನದಂತೆ ಹೊರಳಾಡುತ್ತಿದ್ದವು. ರಾಜಾನದು ಅರ್ಧ ಮುಧೋಳ ತಳಿ: ಉದ್ದ ಕೊರಳು, ಸಪೂರ ಮೂತಿ. ಬ್ರೂನೋ ದಪ್ಪ ಕೊರಳಿನ ಲ್ಯಾಬ್ರಡಾರ್. ರಾಜಾ ಅವನ ಕೊರಳಿಗೆ ಬಾಯಿ ಹಾಕಿದ, ಬ್ರೂನೋ ಮಗ್ಗುಲಾಗಿ ಉರುಳಿದ. ಆಮೇಲೆ ಕೇಳಿದ ದನಿ ಆಟದ್ದಲ್ಲ. ರಾಜಾನ ಕೆಳದವಡೆ ಬ್ರೂನೋನ ಚರ್ಮದ ಪಟ್ಟಾದೊಳಗೆ ಸಿಕ್ಕಿಬಿದ್ದಿತ್ತು. ಬ್ರೂನೋ ಉರುಳಿದ್ದರಿಂದ ಪಟ್ಟಾ ಆ ದವಡೆಗೆ ಸುತ್ತಿಕೊಂಡು ತಿರುಚಿತ್ತು.

ನಾನು ರಾಜಾನನ್ನು ಹಿಡಿದು ಎಳೆದೆ. ಪಕ್ಕದ ಮನೆಯ ಹುಡುಗ ಬ್ರೂನೋನನ್ನು ಎಳೆದ. ಎಳೆದಷ್ಟೂ ಬ್ರೂನೋನ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗುತ್ತ ಬಂತು. ಗಲಾಟೆ ಕೇಳಿ ಎದುರು ಮನೆಯ ಕಾಕಾ ಓಡಿಬಂದರು. “ಏ, ಎಳೀಬ್ಯಾಡ್ರಿ! ಎರಡೂನೂ ಹತ್ರ ತರ್ರಿ. ಅದು ಯಾ ಕಡೆ ಉರುಳೇತಿ, ಅದಕ್ಕ ಉಲ್ಟಾ ಹೊಳ್ಳಸ್ರಿ!” ಹಾಗೇ ಮಾಡಿದೆವು. ಬ್ರೂನೋನನ್ನು ಎತ್ತಿ ಒಂದು ಸುತ್ತು ಮರಳಿ ತಿರುಗಿಸಿದ ಕೂಡಲೇ ಪಟ್ಟಾ ಸಡಿಲಾಗಿ ದವಡೆ ಹೊರಬಂತು. ರಾಜಾನ ಒಂದು ಕೋರೆಹಲ್ಲಿನ ತುದಿ ಮುರಿದಿತ್ತು. ಬ್ರೂನೋ ಉಳಿದ.

ಕಾಕಾ ನವಲಗುಂದ ಸೀಮೆಯಲ್ಲಿ ಒಕ್ಕಲುತನ ಮಾಡಿದವರು. ಆಮೇಲೆ ಚಹಾ ಕುಡಿಯುತ್ತ ಅವರು ಆಡಿದ ಮಾತಿನಲ್ಲೇ ಇದರ ಭೌತವಿಜ್ಞಾನ ಪೂರ್ತಿ ಇದೆ. “ಹೊಟ್ಟು ಹೇರಿದ ಚಕ್ಕಡಿಗೆ ಹಗ್ಗ ಬಿಗಿಯೂದು ನೋಡೀರಿಲ್ಲ? ಹಗ್ಗದಾಗ ಒಂದು ಬಡಿಗಿ ತೂರಿಸಿ ತಿರುವತೇವಿ. ಎರಡು ಸುತ್ತಿಗೆ ಹಗ್ಗ ತಂತಿ ಆಗತೈತಿ. ನಿಮ್ಮ ರಾಜಾನ ದವಡಿ ಬಡಿಗಿ ಆಗಿತ್ತು, ಅಷ್ಟ.”

ಕೊರಳಿಗೂ ಪಟ್ಟಾಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕೆಂದು ವೈದ್ಯರು ಹೇಳುತ್ತಾರೆ, ಅದು ಸರಿಯೇ. ಆದರೆ ಎರಡು ಬೆರಳು ಹೋಗುವಲ್ಲಿ ಇನ್ನೊಂದು ನಾಯಿಯ ಕೆಳದವಡೆಯ ತುದಿಯೂ ಹೋಗುತ್ತದೆ. ನಾಯಿಗಿರುವ 42 ಹಲ್ಲುಗಳಲ್ಲಿ ನಾಲ್ಕು ಕೋರೆಹಲ್ಲು. ಅವು ಹಿಂದಕ್ಕೆ ಬಾಗಿದ ಕೊಕ್ಕೆಗಳು. ಒಳಗೆ ಹೋಗುವಾಗ ಪಟ್ಟಾದ ಅಡಿಯಲ್ಲಿ ಸಲೀಸಾಗಿ ಜಾರುತ್ತವೆ, ಹೊರಬರುವಾಗ ಕಚ್ಚಿಕೊಳ್ಳುತ್ತವೆ. ಅಷ್ಟರಲ್ಲಿ ಕೆಳಗಿನ ನಾಯಿ ಒಂದು ಮಗ್ಗುಲು ಉರುಳಿದರೆ ಸಡಿಲವೆಲ್ಲ ಆ ಒಂದೇ ಸುತ್ತಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಎರಡೂ ನಾಯಿಗಳು ಬಿಡಿಸಿಕೊಳ್ಳಲು ಮಾಡುವ ಪ್ರತಿಯೊಂದು ಕೆಲಸವೂ ಕುಣಿಕೆಯನ್ನು ಬಿಗಿಯುತ್ತದೆ. ಉಸಿರು ಕಟ್ಟಿದ್ದು ದೂರ ಸರಿಯಲು ಒದ್ದಾಡುತ್ತದೆ, ದವಡೆ ಸಿಕ್ಕಿದ್ದು ತಲೆ ಹಿಂದಕ್ಕೆ ಜಗ್ಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಜಗಳದಂತೆ ಕಾಣುತ್ತದೆ. ಬಡಿಗೆ ತಂದು ಮೇಲಿನ ನಾಯಿಗೆ ಹೊಡೆದವರಿದ್ದಾರೆ. ಅದು ಕಚ್ಚಿ ಹಿಡಿದಿಲ್ಲ, ತಾನೇ ಸಿಕ್ಕಿಬಿದ್ದಿದೆ.

ಬಕಲ್ ಇರುವ ಪಟ್ಟಾದಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಸೊಂಟದ ಬೆಲ್ಟನ್ನೇ ಬಿಚ್ಚಿ ನೋಡಿ. ಮುಳ್ಳು ತೂತಿನಿಂದ ಹೊರಬರಬೇಕಾದರೆ ಬೆಲ್ಟನ್ನು ಮೊದಲು ಇನ್ನಷ್ಟು ಬಿಗಿ ಎಳೆಯಬೇಕು. ತಂತಿಯಂತೆ ಸೆಟೆದ ಪಟ್ಟಾದಲ್ಲಿ ಹಾಗೆ ಎಳೆಯಲು ಜಾಗವೇ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಕ್ಲಿಪ್ ಸ್ವಲ್ಪ ವಾಸಿ, ಆದರೆ ಎಳೆತದಲ್ಲಿರುವಾಗ ಅದೂ ಬೆರಳಿಗೆ ಬಗ್ಗುವುದು ಕಷ್ಟ. ಕೂದಲಿನೊಳಗೆ ಹೂತು, ಒದ್ದಾಡುವ ಎರಡು ತಲೆಗಳ ನಡುವೆ ಅದನ್ನು ಹುಡುಕಬೇಕು. ಕಬ್ಬಿಣದ ಸರಪಳಿಯಾದರೆ ಬಿಚ್ಚುವುದೂ ಇಲ್ಲ, ಕತ್ತರಿಸುವುದೂ ಇಲ್ಲ. ಎಳೆದಷ್ಟೂ ಬಿಗಿಯುವ ಜಾರುಸರಪಳಿಯನ್ನಂತೂ ಆಡುವ ನಾಯಿಯ ಕೊರಳಲ್ಲಿ ಒಂದು ಕ್ಷಣವೂ ಬಿಡಬಾರದು. ಕರುವಿನ ಕೊರಳಿಗೆ ಜಾರುಗಂಟು ಹಾಕಬಾರದೆಂದು ಹಳ್ಳಿಯ ಮಕ್ಕಳಿಗೂ ಗೊತ್ತು. ಅದೇ ಗಂಟನ್ನು ಉಕ್ಕಿನಲ್ಲಿ ಮಾಡಿ ನಾಯಿಗೆ ತೊಡಿಸುತ್ತೇವೆ.

ಒಳಗೆ, ಚರ್ಮದಡಿಯಲ್ಲಿ, ಮೊದಲು ಮುಚ್ಚುವುದು ರಕ್ತನಾಳ. ತಲೆಯಿಂದ ಹೃದಯಕ್ಕೆ ರಕ್ತ ಮರಳಿ ತರುವ ಅಭಿಧಮನಿಗಳು ಕೊರಳಿನ ಎರಡೂ ಬದಿಗೆ ಚರ್ಮದ ತೀರ ಹತ್ತಿರ ಇವೆ. ಗೋಡೆ ತೆಳು, ಸ್ವಲ್ಪ ಒತ್ತಿದರೂ ಮುಚ್ಚಿಕೊಳ್ಳುತ್ತವೆ. ರಕ್ತವನ್ನು ಮೇಲೆ ಒಯ್ಯುವ ಧಮನಿಗಳು ಆಳದಲ್ಲಿವೆ, ಅವು ಇನ್ನೂ ಕೆಲಸ ಮಾಡುತ್ತಿರುತ್ತವೆ. ತಲೆಗೆ ರಕ್ತ ಬರುತ್ತದೆ, ಹೋಗಲು ದಾರಿಯಿಲ್ಲ. ಬರೀ ಹಗ್ಗ ಕಟ್ಟಿದ ಪಟ್ಟಾವನ್ನು ನಾಯಿ ಜಗ್ಗಿದರೂ ಅದರ ಕಣ್ಣಿನೊಳಗಿನ ಒತ್ತಡ ಏರುತ್ತದೆಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿತ್ತು. ಎದೆಗೆ ಕಟ್ಟುವ ಹಾರ್ನೆಸ್‌ನಲ್ಲಿ ಹಾಗಾಗಲಿಲ್ಲ. ಇನ್ನೂ ಬಿಗಿದರೆ ಶ್ವಾಸನಾಳದ ಸರದಿ. ಅದು ಮೃದು ಎಲುಬಿನ ಉಂಗುರಗಳನ್ನು ಸಾಲಾಗಿ ಜೋಡಿಸಿದಂತಿರುವ ಕೊಳವೆ. ಸಣ್ಣ ಒತ್ತಡ ತಡೆಯುತ್ತದೆ, ಬಡಿಗೆ ಹಾಕಿ ತಿರುವಿದ ಬಿಗಿತವನ್ನಲ್ಲ. ಆಮ್ಲಜನಕ ಪೂರ್ತಿ ನಿಂತರೆ ಮಿದುಳು ತಾಳುವುದು ಕೆಲವೇ ನಿಮಿಷ.

ನಾಯಿಗಳು ಕೊರಳಿಗೇ ಯಾಕೆ ಬಾಯಿ ಹಾಕಬೇಕು? ಅಲ್ಲಿನ ಚರ್ಮ ದಪ್ಪ, ಸಡಿಲ. ಕಣ್ಣು ತೆರೆದು ತೊಡರುಗಾಲಲ್ಲಿ ನಡೆಯಲು ಕಲಿತ ಮರಿಗಳು ಅಣ್ಣತಮ್ಮಂದಿರ ಕೊರಳನ್ನೇ ಬಾಯಲ್ಲಿ ಹಿಡಿದು ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಡುತ್ತದೆ. ಎಷ್ಟು ಒತ್ತಬೇಕೆಂಬ ಲೆಕ್ಕ ಹಲ್ಲಿಗೆ ಸಿಗುವುದು ಹೀಗೆ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಬಾಗುವ ಭಂಗಿಯನ್ನು ನಾಯಿ ಸಾಕಿದವರೆಲ್ಲ ನೋಡಿರುತ್ತಾರೆ. ಅಮೆರಿಕದ ಪ್ರಾಣಿವರ್ತನ ವಿಜ್ಞಾನಿ ಮಾರ್ಕ್ ಬೆಕೊಫ್ 1995ರ ಪ್ರಬಂಧವೊಂದರಲ್ಲಿ ಈ ಬಾಗುವಿಕೆ ಆಟದ ಆರಂಭಕ್ಕಷ್ಟೇ ಸೀಮಿತವಲ್ಲ ಎಂದು ತೋರಿಸಿದರು. ಕಚ್ಚಿ ತಲೆ ಅಲ್ಲಾಡಿಸುವಂಥ, ತಪ್ಪು ತಿಳಿಯಬಹುದಾದ ವರಸೆಯ ಹಿಂದೆಮುಂದೆ ನಾಯಿಗಳು ಹೆಚ್ಚಾಗಿ ಬಾಗುತ್ತವೆ, ಇದು ಆಟವೇ ಎಂದು ಎದುರಿನವನಿಗೆ ಖಾತ್ರಿ ಕೊಡುವಂತೆ. ಇಷ್ಟು ಎಚ್ಚರದಿಂದ ಆಡುವ ಪ್ರಾಣಿಗೆ ಪಟ್ಟಾದ ಲೆಕ್ಕ ಮಾತ್ರ ಗೊತ್ತಿಲ್ಲ. ಅದರ ಮೈಯ ವಿದ್ಯೆಯಲ್ಲಿ ಕೊರಳಿನ ಮೇಲೆ ಚರ್ಮ, ಕೂದಲು ಬಿಟ್ಟು ಮೂರನೆಯದೊಂದು ಇಲ್ಲ. ಹಿಮಾಲಯದ ಕುರಿಗಾಹಿಗಳು ಚಿರತೆಯ ಹಲ್ಲಿಗೆ ಸಿಗದಿರಲಿ ಎಂದು ತಮ್ಮ ನಾಯಿಗಳಿಗೆ ಕಬ್ಬಿಣದ ಪಟ್ಟಾ ತೊಡಿಸುತ್ತಾರೆ. ಅಲ್ಲಿ ಅದು ಕೊರಳಿನ ಕವಚ. ಗೆಳೆಯನ ಹಲ್ಲಿನ ಎದುರು ಅದೇ ಉರುಳು.

ನಮ್ಮ ಭಾಗದಲ್ಲಿ ಈ ಮಾತು ಇನ್ನಷ್ಟು ಮುಖ್ಯ, ಕಾರಣ ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಈ ಬೇಟೆ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲೂ ಈ ನಾಯಿಗಳಿವೆ, ಬೆರಕೆಗಳೂ ಇವೆ. ಇವುಗಳ ತಲೆ ಸಪೂರ, ಕೊರಳಿಗಿಂತ ಹೆಚ್ಚು ಅಗಲವಿಲ್ಲ. ಸಾಧಾರಣ ಪಟ್ಟಾ ಸಡಿಲ ಹಾಕಿದರೆ ತಲೆಯಿಂದ ಜಾರಿ ಬೀಳುತ್ತದೆ. ಹಾಗಾಗಿ ಮಾಲೀಕರು ಬಿಗಿ ಮಾಡುತ್ತಾರೆ, ಇಲ್ಲವೇ ಎಳೆದಾಗ ಒಂದು ಮಿತಿಯವರೆಗೆ ಬಿಗಿಯುವ ಮಾರ್ಟಿಂಗೇಲ್ ಪಟ್ಟಾ ತರುತ್ತಾರೆ. ತಿರುಗಾಟಕ್ಕೆ ಅದು ಒಳ್ಳೆಯದು. ಆಟಕ್ಕೆ ಅದರಲ್ಲಿ ಹಲ್ಲು ಸಿಕ್ಕಲು ಇನ್ನೊಂದು ಕುಣಿಕೆ ಹೆಚ್ಚುವರಿ ಇರುತ್ತದೆ. ಮುಧೋಳದ ಸಪೂರ ಮೂತಿ ಬೇರೆ ನಾಯಿಯ ಪಟ್ಟಾದೊಳಗೆ ಎಷ್ಟು ಸಲೀಸಾಗಿ ಹೋಗುತ್ತದೆಂಬುದನ್ನು ನಮ್ಮ ಹಿತ್ತಲಲ್ಲೇ ನೋಡಿದೆ.

ಪರಿಹಾರ ಸರಳ. ಪಟ್ಟಾ ಇರುವುದು ಹಗ್ಗ ಕಟ್ಟಲಿಕ್ಕೆ. ಹಗ್ಗ ಬಿಚ್ಚಿ ನಾಯಿಗಳನ್ನು ಆಡಲು ಬಿಡುವಾಗ, ಕಂಪೌಂಡಿನ ಗೇಟು ಹಾಕಿ, ಎರಡರ ಪಟ್ಟಾವನ್ನೂ ತೆಗೆಯಿರಿ. ಬಯಲಲ್ಲಿ ಆಡಿಸಲೇಬೇಕಾದರೆ ಬ್ರೇಕ್‌ಅವೇ ಪಟ್ಟಾ ಇದೆ. ಬಲವಾದ ಎಳೆತ ಬಿದ್ದರೆ ಅದರ ಕೊಂಡಿ ತಾನೇ ಕಳಚುತ್ತದೆ. ಕೊಂಡಿಯ ಎರಡೂ ಬದಿಗೆ ಒಂದೊಂದು ಬಳೆ ಇದ್ದು, ಹಗ್ಗವನ್ನು ಎರಡಕ್ಕೂ ಸೇರಿಸಿ ಸಿಕ್ಕಿಸಿದರೆ ಎಳೆತ ಕೊಂಡಿಗೆ ತಾಗುವುದಿಲ್ಲ, ತಿರುಗಾಟದಲ್ಲಿ ಪಟ್ಟಾ ಬಿಚ್ಚುವುದಿಲ್ಲ. ನಮ್ಮ ಕೆಸರು ಕೊಂಡಿಯಲ್ಲಿ ಕೂತು ಬಿಗಿಯಬಹುದು, ಆಗಾಗ ತೊಳೆದು ಕೈಯಿಂದ ಎಳೆದು ಪರೀಕ್ಷಿಸಬೇಕು. ಪಟ್ಟಾ ಇಲ್ಲದೆ ನಾಯಿ ಕಳೆದುಹೋದರೆ ಎಂಬ ಹೆದರಿಕೆ ಇದ್ದವರು ಭುಜದ ನಡುವೆ ಚರ್ಮದಡಿ ಮೈಕ್ರೋಚಿಪ್ ಹಾಕಿಸಬಹುದು. ಅಕ್ಕಿಕಾಳಿನಷ್ಟಿರುವ ಅದರಲ್ಲಿ 15 ಅಂಕಿಯ ಗುರುತು ಸಂಖ್ಯೆ ಇರುತ್ತದೆ.

ಓಣಿಯ ಮರಿಗಳ ಬಗ್ಗೆಯೂ ಒಂದು ಮಾತು. ಮಕ್ಕಳು ಪ್ರೀತಿಯಿಂದ ಅವುಗಳ ಕೊರಳಿಗೆ ಸುತಳಿಯನ್ನೋ ರಿಬ್ಬನ್ನನ್ನೋ ಕಟ್ಟುತ್ತಾರೆ, ಮರೆಯುತ್ತಾರೆ. ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದು ಚರ್ಮ ಸೀಳಿ ಮಾಂಸದೊಳಗೆ ಇಳಿದಿರುತ್ತದೆ. ಅಂಥದ್ದನ್ನು ಕಂಡರೆ ದಯವಿಟ್ಟು ಕತ್ತರಿಸಿ ತೆಗೆಸಿ. ಸಂತಾನಹರಣ ಚಿಕಿತ್ಸೆ ಆದ ಬೀದಿನಾಯಿಯ ಗುರುತಿಗೆ ಕಿವಿಯ ಅಂಚಿನಲ್ಲಿ ಕಚ್ಚು ಹಾಕಿರುತ್ತಾರೆ, ಕೊರಳ ದಾರ ಬೇಕಿಲ್ಲ.

ಇಷ್ಟಾಗಿಯೂ ದವಡೆ ಸಿಕ್ಕಿಬಿದ್ದರೆ ಕಾಕಾ ಹೇಳಿದ್ದನ್ನೇ ಮಾಡಿ: ಎಳೆಯದೆ ಎರಡನ್ನೂ ಹತ್ತಿರ ತನ್ನಿ, ಉರುಳಿದ್ದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸಿ. ಆಗದಿದ್ದರೆ ಕೊರಳಿನ ಮೇಲ್ಭಾಗದಲ್ಲಿ ಪಟ್ಟಾ ಕತ್ತರಿಸಿ. ಶ್ವಾಸನಾಳ, ದೊಡ್ಡ ರಕ್ತನಾಳಗಳು ಇರುವುದು ಕೆಳಗೆ ಮತ್ತು ಬದಿಗೆ. ಬಿಡಿಸಿದ ಮೇಲೆ ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ಅಂದೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದ ನಾಯಿಯ ಶ್ವಾಸಕೋಶದಲ್ಲಿ ಕೆಲವು ಗಂಟೆಗಳ ನಂತರವೂ ನೀರು ತುಂಬಿಕೊಳ್ಳಬಹುದು.

ಇವತ್ತು ಸಂಜೆ ನಿಮ್ಮ ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಅದರ ಪಟ್ಟಾ ಬಿಚ್ಚಿ ನೋಡಿ. ಎಷ್ಟು ಸೆಕೆಂಡು ಬೇಕಾಯಿತು ಎಣಿಸಿ. ಐದಕ್ಕಿಂತ ಹೆಚ್ಚು ಬೇಕಾದರೆ ಆ ಪಟ್ಟಾ ಬದಲಿಸಿ, ಮತ್ತು ಗೇಟಿನ ಪಕ್ಕದ ಮೊಳೆಗೆ ಮೊಂಡು ಮೂತಿಯ ಗಟ್ಟಿ ಕತ್ತರಿಯೊಂದನ್ನು ತೂಗುಹಾಕಿ.